ಹೇಳದೆ ಕೇಳದೆ ಕಾರ್ಡಿಗೆ 2% ಜಾಸ್ತಿ ಹಾಕಿದ್ದಾರೆ, ವಾಪಸ್ ಪಡೆಯೋದು ಹೇಗೆ?

ದಾವಣಗೆರೆಯ ಮಂಡಿಪೇಟೆಯಲ್ಲಿ 8,000 ರೂಪಾಯಿ ಬಟ್ಟೆಗೆ ಕ್ರೆಡಿಟ್ ಕಾರ್ಡ್ ಉಜ್ಜಿದರೆ 8,160 ಕಟ್ ಆಗಿದೆ ಅಂತೀರಿ. ಮೊದಲು ಅಂಗಡಿ ಬಿಲ್ಲು, ಮಷಿನ್ ಚೀಟಿ ಎರಡನ್ನೂ ಪಕ್ಕದಲ್ಲಿಟ್ಟು ಫೋಟೋ ತೆಗೆದಿಡಿ. ಬಿಲ್ಲಿನಲ್ಲಿ 8,000, ಚೀಟಿಯಲ್ಲಿ 8,160 ಇದ್ದರೆ ನಿಮ್ಮ ಕೇಸು ಗಟ್ಟಿ. ಆ ಚೀಟಿಯ ಶಾಯಿ ಬೇಗ ಮಾಸುತ್ತೆ, ತಡ ಮಾಡಬೇಡಿ.

"ಬ್ಯಾಂಕ್ ನಮ್ಮತ್ರ ಹಿಡಿಯುತ್ತೆ ಸಾರ್" ಅನ್ನೋದು ಅಂಗಡಿಯವರ ಮಾಮೂಲಿ ಉತ್ತರ. ಹಿಡಿಯುತ್ತೆ ನಿಜ, ಅದು ಎಂಡಿಆರ್, ಅಂದ್ರೆ ಕಾರ್ಡಿನಲ್ಲಿ ದುಡ್ಡು ತಗೊಳ್ಳೋದಕ್ಕೆ ಬ್ಯಾಂಕ್ ಅಂಗಡಿಯಿಂದ ಹಿಡಿಯುವ ಶುಲ್ಕ; ಅದು ಅಂಗಡಿಯವರ ಖರ್ಚು. ಡೆಬಿಟ್ ಕಾರ್ಡಿನಲ್ಲಿ ಅದನ್ನು ಗಿರಾಕಿ ಮೇಲೆ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಕ್ರೆಡಿಟ್ ಕಾರ್ಡಿನಲ್ಲಿ ನಿಮ್ಮ ವಾದಕ್ಕೆ ಆಧಾರ ಬೇರೆ: ಒಪ್ಪಿದ್ದು ಒಂದು ಮೊತ್ತ, ಕಟ್ ಆಗಿದ್ದು ಇನ್ನೊಂದು.

ಮಾಲೀಕರನ್ನೇ ಒಮ್ಮೆ ಕೇಳಿ, ಎಷ್ಟೋ ಸಲ ಅಲ್ಲೇ ಮುಗಿಯುತ್ತೆ. ಕೊಡದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ "ಮೊತ್ತದಲ್ಲಿ ವ್ಯತ್ಯಾಸ" ಅಂತ ಡಿಸ್ಪ್ಯೂಟ್ (ತಕರಾರು) ಹಾಕಿ. ಪೂರ್ತಿ 8,160 ಕೇಳಬೇಡಿ, 160 ಮಾತ್ರ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಬ್ಯಾಂಕ್ 30 ದಿನ ಸುಮ್ನೆ ಕೂತರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು, ಶುಲ್ಕ ಇಲ್ಲ.