ಪ್ರತಿಕ್ರಿಯೆ: ಬ್ಯಾಂಜೊ ರೋಲ್ ಕುಂಟುವುದು ಯಾಕೆ?

ಅಮೆರಿಕದ ಬ್ಯಾಂಜೊ ವಾದಕ ಅರ್ಲ್ ಸ್ಕ್ರಗ್ಸ್ ಶೈಲಿಯ ಫಾರ್ವರ್ಡ್ ರೋಲ್ (ಮೂರು ಬೆರಳುಗಳಿಂದ ಒಂದೇ ಕ್ರಮದಲ್ಲಿ ತಂತಿ ಮೀಟುವ ಮಾದರಿ) ವೇಗ ಹೆಚ್ಚಿಸಿದ ಕೂಡಲೇ ಕುಂಟುತ್ತದೆ ಅಂದಿದ್ದೀರಿ. ಎಡವಟ್ಟು ಆಗುತ್ತಿರುವುದು ಹೆಬ್ಬೆರಳಲ್ಲಿ. ಎಂಟು ಸ್ವರಗಳನ್ನು ಹೆಬ್ಬೆರಳು-ತೋರು-ನಡು, ಮತ್ತೆ ಹೆಬ್ಬೆರಳು-ತೋರು-ನಡು, ಕೊನೆಗೆ ಹೆಬ್ಬೆರಳು-ತೋರು ಎಂದು ನುಡಿಸುತ್ತೀರಿ, ಅಂದರೆ 3+3+2. ಹೆಬ್ಬೆರಳು 1, 4, 7ನೇ ಸ್ವರಕ್ಕೆ ಬೀಳುತ್ತದೆ. ತಾಳದ ಪೆಟ್ಟು 1, 3, 5, 7ಕ್ಕೆ. ನಾಲ್ಕನೆಯದು ಪೆಟ್ಟಿನ ಆಚೆ ಇರುವುದರಿಂದ ಕೈ ಅದನ್ನು ಪೆಟ್ಟಿನತ್ತ ಎಳೆಯುತ್ತದೆ. ಎಳೆಯಲು ಬಿಡಬೇಡಿ, ಬ್ಲೂಗ್ರಾಸ್‌ನ (ಈ ಶೈಲಿ ಬಳಸುವ ಅಮೆರಿಕದ ಜನಪದ ಮೂಲದ ಸಂಗೀತ) ಜೀವ ಇರುವುದೇ ಹೆಬ್ಬೆರಳು ಮತ್ತು ಪೆಟ್ಟಿನ ನಡುವಿನ ಆ ಸೆಣಸಾಟದಲ್ಲಿ!

ಮೆಟ್ರೊನೋಮ್ (ತಾಳಕ್ಕೆ ಟಿಕ್ ಕೊಡುವ ಸಾಧನ) ನಿಮಿಷಕ್ಕೆ 60 ಟಿಕ್‌ಗೆ ಇಡಿ, ಪ್ರತಿ ಟಿಕ್‌ಗೆ ಎರಡು ಸ್ವರ. ಬಾಯಲ್ಲಿ 'ತಕಿಟ ತಕಿಟ ತಕ' ಹೇಳುತ್ತಾ ನುಡಿಸಿ. ಎಂಟೂ ಸಮವಾಗಿ ಕೇಳಿಸಿದ ಮೇಲೆ ಟಿಕ್‌ಗಳನ್ನು ನಾಲ್ಕು ನಾಲ್ಕಾಗಿ ಏರಿಸಿ.

ಉಂಗುರದ ಬೆರಳು ಬ್ರಿಜ್ (ತಂತಿಗಳನ್ನು ಹೊರುವ ಪುಟ್ಟ ಮರದ ತುಂಡು) ಪಕ್ಕ ಬ್ಯಾಂಜೊದ ಬಿಗಿದ ಹೊದಿಕೆಯ ಮೇಲೆ ಹಗುರವಾಗಿ ಊರಿರಲಿ. ಒತ್ತಿದರೆ ಮುಂಗೈ ಬಿಗಿಯುತ್ತದೆ, ನಾದವೂ ಮಂಕಾಗುತ್ತದೆ.