ಬ್ಯಾಂಕಿನ ವಕೀಲರು ನೋಡಿದರೆ ಸಾಲದೇ?

ಪ್ರಶ್ನೆ: ದಾವಣಗೆರೆ ಮಂಡಿಪೇಟೆ ಹತ್ತಿರ 280 ಚದರಡಿಯ ಒಂದು ಮಳಿಗೆ 58 ಲಕ್ಷಕ್ಕೆ ಮಾತಾಗಿದೆ. ಹಾರ್ಡ್‌ವೇರ್ ಅಂಗಡಿ ಹಾಕುವ ಯೋಚನೆ. ಮಾರುವವರಿಗೆ ಅದು ತೀರಿಹೋದ ತಂದೆಯಿಂದ ಬಂದದ್ದು, ಖಾತೆ ಅವರ ಹೆಸರಿಗಿದೆ. ಈಗ ಅಲ್ಲಿ ಒಬ್ಬ ಟೈಲರ್ ಬಾಡಿಗೆಗಿದ್ದಾರೆ. 'ರಿಜಿಸ್ಟರ್ ಆದ ಮೇಲೆ ಖಾಲಿ ಮಾಡಿಸೋಣ' ಅಂತಾರೆ. 'ಸಾಲ ಕೊಡೋ ಬ್ಯಾಂಕಿನ ವಕೀಲರೇ ಎಲ್ಲ ನೋಡ್ತಾರೆ, ಇನ್ನೊಬ್ಬರಿಗೆ ಸುಮ್ನೆ ಯಾಕೆ ಫೀಸು' ಅನ್ನೋದು ಬ್ರೋಕರ್ ಮಾತು. ಶುಕ್ರವಾರ 5 ಲಕ್ಷ ಅಡ್ವಾನ್ಸ್ ಕೊಡಬೇಕು. ಏನು ಮಾಡಲಿ?
- ಒಬ್ಬ ಓದುಗ, ದಾವಣಗೆರೆ

ಉತ್ತರ: ಶುಕ್ರವಾರ ದುಡ್ಡು ಕೊಡಬೇಡಿ. ಮಳಿಗೆ ಎಲ್ಲಿಗೂ ಓಡಿಹೋಗುವುದಿಲ್ಲ.

ಬ್ಯಾಂಕಿನ ವಕೀಲರು ವರದಿ ಬರೆಯುವುದು ಬ್ಯಾಂಕಿಗೆ. ಕೊಟ್ಟ ಸಾಲಕ್ಕೆ ಆಸ್ತಿ ಆಧಾರವಾಗಿ ನಿಲ್ಲುತ್ತದಾ ಅನ್ನುವುದಷ್ಟೇ ಅವರ ಚಿಂತೆ. ಟೈಲರ್ ಯಾವಾಗ ಎದ್ದು ಹೋಗುತ್ತಾರೆ, ನಿಮ್ಮ ಅಂಗಡಿ ಯಾವಾಗ ಶುರುವಾಗುತ್ತದೆ ಅನ್ನುವುದು ಅವರಿಗೆ ಸಂಬಂಧವಿಲ್ಲ. ಅದೂ ಅಲ್ಲದೆ ಕಾಗದಪತ್ರ ಅವರ ಕೈಗೆ ಹೋಗುವ ಹೊತ್ತಿಗೆ ನಿಮ್ಮ 5 ಲಕ್ಷ ಹೋಗಿರುತ್ತದೆ, ಅಲ್ವಾ?

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಟೈಲರ್. ಆಸ್ತಿಯಲ್ಲಿ ಯಾರಾದರೂ ಕೂತಿದ್ದರೆ, ಅವರ ಹಕ್ಕೇನು ಅನ್ನುವುದು ಕೊಳ್ಳುವವನಿಗೆ ಗೊತ್ತಿತ್ತು ಅಂತಲೇ ಆಸ್ತಿ ವರ್ಗಾವಣೆ ಕಾಯ್ದೆ ಭಾವಿಸುತ್ತದೆ. 'ನನಗೆ ಯಾರೂ ಹೇಳಲಿಲ್ಲ' ಅಂದರೆ ನಡೆಯುವುದಿಲ್ಲ. ರಿಜಿಸ್ಟರ್ ಆದ ದಿನದಿಂದ ಅವರು ನಿಮ್ಮ ಬಾಡಿಗೆದಾರರು, ಜಗಳವೂ ನಿಮ್ಮದೇ. 14 ಚದರ ಮೀಟರ್ ಮೀರಿದ ಅಂಗಡಿಗೆ, ಬಾಡಿಗೆದಾರರನ್ನು ಸುಲಭಕ್ಕೆ ಎಬ್ಬಿಸಲು ಬಿಡದ ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ, ನಿಮ್ಮದು ಸುಮಾರು 26. ಹಾಗಾಗಿ ತಿಂಗಳ ಬಾಡಿಗೆಯಾದರೆ 15 ದಿನದ ನೋಟಿಸ್ ಸಾಕು. ಕಾಗದದ ಮೇಲೆ ಸುಲಭ. ಆದರೆ ನೋಟಿಸ್ ಕೊಟ್ಟರೂ ಅವರು ಏಳದಿದ್ದರೆ ದಾವೆ ಹೂಡಬೇಕು, ಅತ್ತ ನಿಮ್ಮ ಕಂತು ಓಡುತ್ತಿರುತ್ತದೆ. ಅವರ ಕರಾರುಪತ್ರ ತರಿಸಿ ಓದಿಸಿ. ಅವಧಿ ಎಷ್ಟು, ಡಿಪಾಜಿಟ್ ಎಷ್ಟು, ಅದನ್ನು ಯಾರು ವಾಪಸ್ ಕೊಡಬೇಕು ಅಂತ ನೋಡಿ. 'ಖಾಲಿ ಮಾಡಿಸಿದ ಮೇಲೇ ರಿಜಿಸ್ಟ್ರೇಷನ್, ಇಂಥ ತಾರೀಖಿನೊಳಗೆ ಆಗದಿದ್ದರೆ ಅಡ್ವಾನ್ಸ್ ವಾಪಸ್' ಅನ್ನುವ ಸಾಲು ಅಗ್ರಿಮೆಂಟಿನಲ್ಲಿ ಇರಲೇಬೇಕು. ಈ ಒಂದು ಸಾಲು ಬರೆಸಿಕೊಂಡರೂ ವಕೀಲರಿಗೆ ಕೊಟ್ಟ ಫೀಸು ಹುಟ್ಟಿತು ಅಂದುಕೊಳ್ಳಿ.

ಎರಡನೆಯದು, 'ತಂದೆಯಿಂದ ಬಂದದ್ದು'. ಖಾತೆ ಇರುವುದು ತೆರಿಗೆ ಕಟ್ಟುವುದಕ್ಕೆ, ಅದೊಂದರಿಂದಲೇ ಯಾರೂ ಮಾಲೀಕರಾಗುವುದಿಲ್ಲ. ಹಿಂದೂ ಕುಟುಂಬವಾದರೆ, ತಂದೆ ಸ್ವಂತ ದುಡಿದು ಕೊಂಡಿದ್ದರೂ ವಿಲ್ ಬರೆಯದೆ ತೀರಿಕೊಂಡಿದ್ದರೆ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮಪಾಲು. ತಂದೆಯ ತಾಯಿ ಬದುಕಿದ್ದರೆ ಅವರಿಗೂ. ವಂಶವೃಕ್ಷ ಕೇಳಿ. ಮದುವೆಯಾಗಿ ಹೋದ ಅಕ್ಕತಂಗಿಯರು ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಟ್ಟಿರಬೇಕು. 'ಅವರದ್ದೇನೂ ತಕರಾರಿಲ್ಲ ಬಿಡಿ' ಅನ್ನುವ ಮಾತನ್ನು ನಾನಂತೂ ನಂಬುವುದಿಲ್ಲ.

ಇಸಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರ, ತೆಗೆಸಿದ್ದೇವೆ ಅಂತ ಮಾರುವವರು ಅನ್ನುತ್ತಾರೆ. ಒಳ್ಳೆಯದೇ, 30 ವರ್ಷದ್ದು ತೆಗೆಸಿ. ಆದರೆ ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಾಯಿಸದ ಬಾಡಿಗೆ ಕರಾರು, ಕೋರ್ಟಿನಲ್ಲಿರುವ ಪಾಲಿನ ದಾವೆ ಅದರಲ್ಲಿ ಕಾಣದೆ ಹೋಗಬಹುದು. ಮೂಲ ಪತ್ರಗಳ ಜೆರಾಕ್ಸ್ ಸಾಲದು, ಅಸಲನ್ನೇ ಕಣ್ಣಾರೆ ನೋಡಿ. ಅದನ್ನು ತೋರಿಸಲು ಹಿಂದೆಮುಂದೆ ನೋಡಿದರೆ, ಪತ್ರ ಎಲ್ಲೋ ಅಡಮಾನಕ್ಕೆ ಹೋಗಿದೆಯಾ ಅಂತ ವಿಚಾರಿಸಿ.

ವಕೀಲರನ್ನು ಬ್ರೋಕರ್ ತೋರಿಸಿದವರೊಳಗೆ ಹುಡುಕಬೇಡಿ. ಸಿವಿಲ್ ಕೇಸು ನಡೆಸುವವರಾಗಿರಲಿ, ಫೀಸು ಮೊದಲೇ ಮಾತಾಡಿ, ಅಭಿಪ್ರಾಯವನ್ನು ಬರವಣಿಗೆಯಲ್ಲೇ ಪಡೆಯಿರಿ. ಪತ್ರ ಬರಹಗಾರರು ಕ್ರಯಪತ್ರ ಅಚ್ಚುಕಟ್ಟಾಗಿ ಬರೆಯಬಹುದು, ಹಕ್ಕಿನ ತನಿಖೆ ಅವರ ಕೆಲಸವಲ್ಲ.

ಇನ್ನೊಂದು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇಕಡಾ 1ರಷ್ಟು ಟಿಡಿಎಸ್, ಅಂದರೆ ಮಾರುವವರ ಲೆಕ್ಕದ ಆದಾಯ ತೆರಿಗೆ, ಅವರಿಗೆ ಕೊಡುವ ಹಣದಲ್ಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. 58 ಲಕ್ಷಕ್ಕೆ ಅದು 58 ಸಾವಿರ. ಮಾರುವವರು ವಿದೇಶದಲ್ಲಿ ನೆಲೆಸಿದ್ದರೆ ಲೆಕ್ಕವೇ ಬೇರೆ, ಇನ್ನೂ ಜಾಸ್ತಿ. ಬ್ರೋಕರ್ ಇದನ್ನು ಹೇಳಿರಲಿಕ್ಕಿಲ್ಲ.