ಮಗುವಿಗೆ ಏನಾದರೂ ಮಾಡಿಬಿಡ್ತೀನಾ ಅನ್ನೋ ಯೋಚನೆ ಬಂದರೆ ನಾನು ಕೆಟ್ಟ ತಾಯಿನಾ?

ಖಂಡಿತ ಅಲ್ಲ. ಹುರುಳಿಕಾಯಿ ಹೆಚ್ಚುವಾಗ ಪಕ್ಕದಲ್ಲಿ ಮಲಗಿರುವ ಮಗುವನ್ನು ನೋಡಿ "ಈ ಚಾಕು ತಾಗಿಸಿಬಿಟ್ಟರೆ?" ಅಂತ ಫಕ್ಕನೆ ಹೊಳೆಯುತ್ತದೆ, ಮೈ ನಡುಗುತ್ತದೆ ಅಂದಿದ್ದೀರಿ. ಇಂಥ ಬೇಡದ ಯೋಚನೆ ಯಾರಿಗೂ ಬರಬಹುದು. 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವಾ ಅನ್ನುವ ಮನೋವಿಜ್ಞಾನಿಗಳು ಯಾವ ಕಾಯಿಲೆಯೂ ಇಲ್ಲದವರನ್ನು ಕೇಳಿದಾಗ ಸುಮಾರು 80% ಜನ ತಮಗೂ ಬರುತ್ತದೆ ಅಂದಿದ್ದರು. ಜಾಸ್ತಿ ಜನ "ಥೂ, ಎಂಥ ಯೋಚನೆ" ಅಂತ ಅಲ್ಲಿಗೇ ಬಿಡುತ್ತಾರೆ.

ಒಸಿಡಿ, ಅಂದರೆ ಗೀಳು ಕಾಯಿಲೆ ಇದ್ದವರಿಗೆ ಹಾಗೆ ಬಿಡೋಕಾಗಲ್ಲ. ಯೋಚನೆ ಬಂತೆಂದರೆ ಮಾಡಿಯೇಬಿಡ್ತೀನಿ ಅನ್ನುವ ಭಯ. ಚಾಕು ಬಚ್ಚಿಡುವುದು, ಮಗುವನ್ನು ಅತ್ತೆ ಕೈಗೆ ಕೊಟ್ಟು ದೂರ ಹೋಗುವುದು, "ನಾನು ಹಾಗೆಲ್ಲ ಮಾಡಲ್ಲ ಅಲ್ವಾ?" ಅಂತ ಗಂಡನನ್ನು ಮತ್ತೆ ಮತ್ತೆ ಕೇಳುವುದು. ಆ ಕ್ಷಣಕ್ಕೆ ಹಾಯೆನಿಸುತ್ತದೆ. ಗೀಳನ್ನು ಬೆಳೆಸುವುದು ಆ ಹಾಯೇ. (ಕೈ ತೊಳೆಯುವುದಷ್ಟೇ ಒಸಿಡಿ ಅಂದುಕೊಂಡವರಿಗೆ ಇದು ಹೊಳೆಯುವುದೇ ಇಲ್ಲ.)

ಇದಕ್ಕೆ ಇಆರ್‌ಪಿ (ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್) ಅನ್ನುವ ಚಿಕಿತ್ಸೆ ಇದೆ. ಥೆರಪಿಸ್ಟ್ ಜೊತೆ ಮಾತಾಡಿಕೊಂಡು ಹಂತ ಹಂತವಾಗಿ ಭಯದ ಎದುರು ನಿಲ್ಲುವುದು: ಮಗು ಪಕ್ಕದಲ್ಲಿದ್ದಾಗಲೇ ಹೆಚ್ಚುವುದು, ಆಮೇಲೆ ಯಾರನ್ನೂ ಏನೂ ಕೇಳದಿರುವುದು. ಖಿನ್ನತೆಗೂ ಕೊಡುವ ಎಸ್‌ಎಸ್‌ಆರ್‌ಐ ಅನ್ನುವ ಮಾತ್ರೆಗಳೂ ಕೆಲಸ ಮಾಡುತ್ತವೆ. ಮಾತ್ರೆಯ ಪೂರ್ತಿ ಪರಿಣಾಮ ಕಾಣಲು 10-12 ವಾರ ಬೇಕಾಗಬಹುದು, ಸುಮ್ನೆ ಮಧ್ಯದಲ್ಲೇ ಬಿಡಬೇಡಿ. ಹಾಲೂಡಿಸುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೇ ಅಂತ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೂ ಫೋನ್ ಮಾಡಬಹುದು.

ಒಂದು ಮಾತು: ಯಾರೋ ಆಜ್ಞೆ ಮಾಡಿದಂತೆ ದನಿ ಕೇಳಿಸಿದರೆ, ಅಥವಾ ಹಾಗೆ ಮಾಡುವುದೇ ಸರಿ ಅನಿಸತೊಡಗಿದರೆ ಅದು ಬೇರೆಯೇ ಕಾಯಿಲೆ. ಆಗ ಮಗುವನ್ನು ಮನೆಯವರ ಕೈಗೆ ಕೊಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ.